ಹಳಿಯಿಲ್ಲದ ಜಿಲ್ಲೆಯಿಂದ ಬಂದ ರೈಲಿನ ಪ್ರಶ್ನೆಗಳು

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ರೈಲು ಪ್ರಯಾಣದ ಸುರಕ್ಷತೆಯನ್ನು ಕುರಿತವು. ಕೊಡಗಿನಲ್ಲಿ ರೈಲು ಮಾರ್ಗವೇ ಇಲ್ಲ. ನಮ್ಮ ಮಕ್ಕಳು ಬಹುಕಾಲ ಹತ್ತಿರದಿಂದ ಕಂಡದ್ದು ಮಡಿಕೇರಿಯ ರಾಜಾಸೀಟ್ ಬಳಿಯ ಪುಟಾಣಿ ರೈಲೊಂದನ್ನೇ. ನಿಜವಾದ ರೈಲು ಹತ್ತಬೇಕಾದರೆ ಮೈಸೂರಿಗೋ ಹಾಸನಕ್ಕೋ ಮಂಗಳೂರಿಗೋ ಕಣ್ಣೂರಿಗೋ ಇಳಿಯಬೇಕು. ಹಾಗಿದ್ದೂ ಇಷ್ಟು ಜನ ಇದೇ ವಿಷಯವನ್ನು ಕೇಳಿದ್ದಾರೆಂದರೆ ಅದಕ್ಕೊಂದು ಕಾರಣ ಇರಲೇಬೇಕು. ರೈಲ್ವೆಯ ಸಂಚಾರ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಊರಿಗೆ ಮರಳಿದವನು ನಾನು. ಐದು ಪತ್ರಗಳನ್ನು ಆಯ್ದುಕೊಂಡು, ನನಗೆ ತಿಳಿದಷ್ಟನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದೇನೆ.

ಪ್ರಶ್ನೆ: ಮಗಳಿಗೆ ಚೆನ್ನೈನ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಮೈಸೂರಿನಿಂದ ರಾತ್ರಿ ರೈಲಿನಲ್ಲಿ ಹೋಗಿ ಬರುತ್ತೇನೆ ಎನ್ನುತ್ತಾಳೆ. ಆದರೆ ಬಾಲಸೋರ್ ಅಪಘಾತದ ದೃಶ್ಯಗಳನ್ನು ಟಿವಿಯಲ್ಲಿ ನೋಡಿದಂದಿನಿಂದ ನಮ್ಮ ಅತ್ತೆಯವರು ರೈಲಿನ ಹೆಸರೆತ್ತಿದರೆ ಕಣ್ಣೀರು ಹಾಕುತ್ತಾರೆ, ‘ಬೇಕಾದರೆ ಕಾರು ಮಾಡಿಕೊಂಡು ಹೋಗಲಿ’ ಎಂದು ಹಟ ಹಿಡಿದಿದ್ದಾರೆ. ನನಗೂ ಒಳಗೊಳಗೇ ಹೆದರಿಕೆ ಇದೆ. ರೈಲು ನಿಜಕ್ಕೂ ಸುರಕ್ಷಿತವೇ?
– ಗೃಹಿಣಿ, ನಾಪೋಕ್ಲು

ಉತ್ತರ: ಮೊದಲಿಗೆ, ನಿಮ್ಮ ಅತ್ತೆಯವರ ಕಣ್ಣೀರನ್ನು ಯಾರೂ ಹಗುರವಾಗಿ ಕಾಣಬಾರದು. 2023ರ ಜೂನ್ 2ರ ಸಂಜೆ ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಮುಖ್ಯ ಮಾರ್ಗ ಬಿಟ್ಟು, ರೈಲುಗಳನ್ನು ಬದಿಗೆ ನಿಲ್ಲಿಸುವ ಪಕ್ಕದ ಹಳಿಗೆ, ಅಂದರೆ ಲೂಪ್ ಲೈನಿಗೆ ನುಗ್ಗಿ, ಅಲ್ಲಿ ನಿಂತಿದ್ದ ಗೂಡ್ಸ್ ರೈಲಿಗೆ ಬಡಿಯಿತು. ಚೆಲ್ಲಾಪಿಲ್ಲಿಯಾದ ಅದರ ಬೋಗಿಗಳು ಎದುರಿನಿಂದ ಬರುತ್ತಿದ್ದ, ನಮ್ಮ ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ರೈಲಿನ ಕೊನೆಯ ಬೋಗಿಗಳನ್ನೂ ಉರುಳಿಸಿದವು. 290ಕ್ಕೂ ಹೆಚ್ಚು ಜನ ಸತ್ತರು. ಅದನ್ನು ನೋಡಿಯೂ ಎದೆ ನಡುಗದಿದ್ದರೆ ಅದೇ ಅಸಹಜ.

ಆದರೆ ಅವರು ಸೂಚಿಸಿರುವ ಬದಲಿ ದಾರಿಯನ್ನು ಒಮ್ಮೆ ನೋಡಿ. ಕೇಂದ್ರ ಸರ್ಕಾರದ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡವರು 1,68,491 ಮಂದಿ, ಅಂದರೆ ದಿನಕ್ಕೆ 460ಕ್ಕೂ ಹೆಚ್ಚು. ಬಾಲಸೋರ್‌ನಲ್ಲಿ ಸತ್ತಷ್ಟು ಜನ ನಮ್ಮ ರಸ್ತೆಗಳಲ್ಲಿ ಒಂದು ಹಗಲು ರಾತ್ರಿ ಕಳೆಯುವುದರೊಳಗೆ ಸಾಯುತ್ತಾರೆ, ಮರುದಿನ ಮತ್ತೆ ಅಷ್ಟೇ ಜನ. ರಸ್ತೆಯಲ್ಲಿ ಓಡಾಡುವವರೇ ಹೆಚ್ಚಲ್ಲವೇ, ಹಾಗಾಗಿ ಸಾವೂ ಹೆಚ್ಚು ಎಂದು ನೀವು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಆದ್ದರಿಂದ ಪ್ರಯಾಣದ ದೂರವನ್ನೇ ಲೆಕ್ಕಕ್ಕೆ ಹಿಡಿಯೋಣ. ಭಾರತೀಯ ರೈಲುಗಳಲ್ಲಿ ಪ್ರಯಾಣಿಕರೆಲ್ಲರೂ ಸೇರಿ ವರ್ಷಕ್ಕೆ ಸುಮಾರು 1 ಲಕ್ಷ ಕೋಟಿ ಕಿಲೋಮೀಟರ್ ಸಂಚರಿಸುತ್ತಾರೆ. ಬಾಲಸೋರ್ ಸಂಭವಿಸಿದ ಅದೇ ಕೆಟ್ಟ ವರ್ಷದಲ್ಲಿ ರೈಲು ಅಪಘಾತಗಳಲ್ಲಿ ಸತ್ತ ಪ್ರಯಾಣಿಕರು 300ಕ್ಕಿಂತ ಸ್ವಲ್ಪ ಹೆಚ್ಚು. ಭಾಗಿಸಿ ನೋಡಿದರೆ 300 ಕೋಟಿ ಕಿಲೋಮೀಟರಿಗೂ ಮೀರಿದ ಪ್ರಯಾಣಕ್ಕೆ ಒಂದು ಸಾವು. ನಿಮ್ಮ ಮಗಳು ಹೋಗಬೇಕಾದದ್ದು ಸುಮಾರು 500 ಕಿಲೋಮೀಟರ್.

ಹಾಗಿದ್ದರೂ ಮನಸ್ಸು ಒಪ್ಪುವುದಿಲ್ಲ, ಏಕೆ? ಇದನ್ನು ಬಹಳ ಕಾಲದಿಂದ ಅಭ್ಯಾಸ ಮಾಡಿದವರಿದ್ದಾರೆ. ಅಮೆರಿಕದ ಚೌನ್ಸಿ ಸ್ಟಾರ್ ಎಂಬ ಎಂಜಿನಿಯರ್ 1969ರಲ್ಲೇ ಒಂದು ಮಾತು ಹೇಳಿದ್ದರು: ತಾನಾಗಿ ಮೈಮೇಲೆ ಎಳೆದುಕೊಂಡ ಅಪಾಯವನ್ನು ಮನುಷ್ಯ ಸುಲಭವಾಗಿ ಸಹಿಸುತ್ತಾನೆ, ಇನ್ನೊಬ್ಬರ ಕೈಯಲ್ಲಿರುವ ಅಪಾಯ ಅದಕ್ಕಿಂತ ಎಷ್ಟೋ ಪಾಲು ಚಿಕ್ಕದಾಗಿದ್ದರೂ ಸಹಿಸುವುದಿಲ್ಲ. ಕಾರಿನ ಸ್ಟೇರಿಂಗ್ ನಮ್ಮ ಕೈಯಲ್ಲಿರುತ್ತದೆ, ಅಥವಾ ನಮಗೆ ಗುರುತಿರುವ ಚಾಲಕನ ಕೈಯಲ್ಲಿರುತ್ತದೆ. ರೈಲಿನಲ್ಲಿ ಮುಂದೆ ಯಾರಿದ್ದಾರೆ, ಯಾವ ಸಿಗ್ನಲ್ ಬಿದ್ದಿದೆ ಎಂಬುದು ಮಲಗಿರುವವರಿಗೆ ತಿಳಿಯುವುದಿಲ್ಲ. ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1987ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇನ್ನೊಂದು ಅಂಶವನ್ನು ತೋರಿಸಿದರು. ಒಂದೇ ಏಟಿಗೆ ಬಹಳ ಜನರನ್ನು ಬಲಿ ತೆಗೆದುಕೊಳ್ಳುವ, ನಮ್ಮ ಹಿಡಿತಕ್ಕೆ ಸಿಗದ ಆಪತ್ತು ಮನಸ್ಸಿನಲ್ಲಿ ಅದರ ನಿಜವಾದ ಗಾತ್ರಕ್ಕಿಂತ ಬಹಳ ದೊಡ್ಡದಾಗಿ ನಿಲ್ಲುತ್ತದೆ. ಒಬ್ಬೊಬ್ಬರಾಗಿ ಸತ್ತವರ ಸುದ್ದಿ ಪತ್ರಿಕೆಯ ಒಳಪುಟದ ಮೂಲೆಗೆ ಹೋಗುತ್ತದೆ.

ಇದನ್ನು ಅರಿಯಲು ನಾವು ದೂರ ಹೋಗಬೇಕಿಲ್ಲ. 2018ರ ಆಗಸ್ಟಿನಲ್ಲಿ ನಮ್ಮಲ್ಲಿ ಭೂಕುಸಿತವಾದಾಗ ಹಾನಿಯಾದದ್ದು ಜಿಲ್ಲೆಯ ಕೆಲವು ಭಾಗಗಳಲ್ಲಿ. ಆದರೆ ಜಾರುವ ಗುಡ್ಡ, ಕುಸಿದು ಬೀಳುವ ಮನೆಗಳ ದೃಶ್ಯವನ್ನು ದಿನವಿಡೀ ನೋಡಿದ ಹೊರಗಿನವರು ಇಡೀ ಕೊಡಗೇ ಕುಸಿದುಹೋಗಿದೆಯೆಂದು ನಂಬಿ ತಿಂಗಳುಗಟ್ಟಲೆ ಈ ಕಡೆ ಕಾಲಿಡಲಿಲ್ಲ. ಅವರು ಸುಳ್ಳನ್ನು ನಂಬಿರಲಿಲ್ಲ, ನಿಜದ ಒಂದು ತುಣುಕನ್ನೇ ಪೂರ್ತಿ ನಿಜವೆಂದುಕೊಂಡಿದ್ದರು. ರೈಲಿನ ವಿಷಯದಲ್ಲಿ ನಾವು ಆ ಹೊರಗಿನವರ ಜಾಗದಲ್ಲಿದ್ದೇವೆ. ಮೈಸೂರಿನಲ್ಲೋ ಅರಸೀಕೆರೆಯಲ್ಲೋ ಹಳಿಯ ಪಕ್ಕದಲ್ಲೇ ಬಾಳುವವನು ದಿನಕ್ಕೆ ಹತ್ತಾರು ರೈಲುಗಳು ಬಂದು ಹೋಗುವುದನ್ನು ನೋಡುತ್ತಾನೆ. ನಮ್ಮ ಮನೆಯೊಳಗೆ ರೈಲು ಬರುವುದು ಉರುಳಿ ಬಿದ್ದ ದಿನ ಮಾತ್ರ.

ಭಯದ ಕೈಗೆ ತೀರ್ಮಾನವನ್ನು ಕೊಟ್ಟರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆಯಿದೆ. 2000ದ ಅಕ್ಟೋಬರ್ 17ರಂದು ಹ್ಯಾಟ್‌ಫೀಲ್ಡ್ ಬಳಿ ಬಿರುಕು ಬಿಟ್ಟ ಹಳಿ ಒಡೆದು ನಾಲ್ವರು ಸತ್ತರು. ಆಮೇಲೆ ದೇಶದುದ್ದಕ್ಕೂ ನೂರಾರು ಕಡೆ ರೈಲುಗಳ ವೇಗ ತಗ್ಗಿಸಲಾಯಿತು, ತಿಂಗಳುಗಳ ಕಾಲ ಸಂಚಾರವೇ ಅಸ್ತವ್ಯಸ್ತವಾಯಿತು, ಜನ ರೈಲು ಬಿಟ್ಟು ಕಾರಿಗೆ ಹೊರಳಿದರು. ಹೆಚ್ಚು ಸುರಕ್ಷಿತವಾದದ್ದನ್ನು ಬಿಟ್ಟು ಕಡಿಮೆ ಸುರಕ್ಷಿತವಾದದ್ದನ್ನು ಹಿಡಿದ ಹಾಗಾಯಿತು.

ಆದ್ದರಿಂದ ನನ್ನ ಉತ್ತರ ಸ್ಪಷ್ಟ. ಮಗಳನ್ನು ರೈಲಿನಲ್ಲೇ ಕಳಿಸಿ. ತಲಕಾವೇರಿಯಲ್ಲಿ ಹುಟ್ಟುವ ನಮ್ಮ ಹೊಳೆಯ ಹೆಸರನ್ನೇ ಹೊತ್ತ ಕಾವೇರಿ ಎಕ್ಸ್‌ಪ್ರೆಸ್ ಮೈಸೂರಿನಿಂದ ಚೆನ್ನೈಗೆ ರಾತ್ರಿ ಪ್ರಯಾಣದ ರೈಲೇ ಆಗಿದೆ. ಸಾಧ್ಯವಾದರೆ ಮೊದಲ ಸಲ ಅತ್ತೆಯವರನ್ನೂ ಮೈಸೂರಿನ ಪ್ಲಾಟ್‌ಫಾರಂವರೆಗೆ ಕರೆದುಕೊಂಡು ಹೋಗಿ, ಮೊಮ್ಮಗಳು ಕೂರುವ ಬೋಗಿಯನ್ನು ಅವರು ಕಣ್ಣಾರೆ ನೋಡಲಿ. ನಿಮ್ಮ ಎಚ್ಚರಿಕೆಯನ್ನು ನಾಪೋಕ್ಲಿನಿಂದ ಮೈಸೂರಿನವರೆಗಿನ ರಸ್ತೆಗೆ ಇಟ್ಟುಕೊಳ್ಳಿ. ಈ ಇಡೀ ಪ್ರಯಾಣದಲ್ಲಿ ನನಗೆ ಹೆಚ್ಚು ಯೋಚನೆ ಹುಟ್ಟಿಸುವುದು ಆ ಭಾಗವೇ, ಅದರಲ್ಲೂ ಮಳೆಗಾಲದಲ್ಲಿ.

ಪ್ರಶ್ನೆ: ರೈಲು ಅಪಘಾತಗಳು 135ರಿಂದ 31ಕ್ಕೆ ಇಳಿದಿವೆ ಎಂದು ರೈಲ್ವೆ ಹೇಳುತ್ತದೆ. ಇನ್ನೊಂದು ಸರ್ಕಾರಿ ವರದಿಯಲ್ಲಿ ರೈಲ್ವೆ ಅವಘಡಗಳಲ್ಲಿ ವರ್ಷಕ್ಕೆ 16,000ಕ್ಕೂ ಹೆಚ್ಚು ಜನ ಸಾಯುತ್ತಾರೆಂದು ಓದಿದೆ. ಯಾವುದನ್ನು ನಂಬಬೇಕು?
– ನಿವೃತ್ತ ಶಿಕ್ಷಕ, ಪೊನ್ನಂಪೇಟೆ

ಉತ್ತರ: ಎರಡೂ ನಿಜ, ಮೇಷ್ಟ್ರೇ. ಎರಡೂ ಬೇರೆ ಬೇರೆ ಸಂಗತಿಗಳನ್ನು ಎಣಿಸುತ್ತವೆ.

ರೈಲುಗಳು ಡಿಕ್ಕಿ ಹೊಡೆಯುವುದು, ಹಳಿ ತಪ್ಪುವುದು, ಬೆಂಕಿ ಹೊತ್ತಿಕೊಳ್ಳುವುದು, ಲೆವೆಲ್ ಕ್ರಾಸಿಂಗಿನಲ್ಲಿ ವಾಹನಕ್ಕೆ ಬಡಿಯುವುದು ಮುಂತಾದವುಗಳಲ್ಲಿ ಪ್ರಾಣಹಾನಿ, ಗಾಯ ಅಥವಾ ದೊಡ್ಡ ನಷ್ಟವಾದರೆ ರೈಲ್ವೆ ಅದನ್ನು ಗಂಭೀರ ಪರಿಣಾಮದ ಅಪಘಾತವೆಂದು ದಾಖಲಿಸುತ್ತದೆ. ಅಂಥವು 2000–01ರಲ್ಲಿ 473, 2014–15ರಲ್ಲಿ 135, 2024–25ರಲ್ಲಿ 31. ಈ ಇಳಿಕೆಯ ಹಿಂದೆ ನಿಜವಾದ ಕೆಲಸವಿದೆ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲುಗಾರರಿಲ್ಲದ ಲೆವೆಲ್ ಕ್ರಾಸಿಂಗುಗಳನ್ನು 2019ರ ಜನವರಿಯ ಹೊತ್ತಿಗೆ ಪೂರ್ತಿ ತೆಗೆಯಲಾಯಿತು. ಹಿಂದೆ ಅಲ್ಲಿ ಟ್ರ್ಯಾಕ್ಟರುಗಳೂ ಶಾಲಾ ವಾಹನಗಳೂ ರೈಲಿಗೆ ಸಿಕ್ಕುತ್ತಿದ್ದವು. ಹಳಿಯೊಳಗಿನ ಬಿರುಕನ್ನು ಅಲ್ಟ್ರಾಸೌಂಡ್‌ನಿಂದ ಪತ್ತೆ ಹಚ್ಚುವುದು ವಾಡಿಕೆಯಾಯಿತು. ಹಳೆಯ ನೀಲಿ ಬೋಗಿಗಳ ಜಾಗಕ್ಕೆ ಎಲ್‌ಎಚ್‌ಬಿ ಎಂಬ ಹೊಸ ಬಗೆಯ ಬೋಗಿಗಳು ಬಂದವು. ಇವು ಡಿಕ್ಕಿಯಾದಾಗ ಒಂದರ ಮೇಲೊಂದು ಸುಲಭವಾಗಿ ಏರುವುದಿಲ್ಲ.

ನೀವು ಓದಿದ ಇನ್ನೊಂದು ಸಂಖ್ಯೆ ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯದು. 2021ರಲ್ಲಿ ರೈಲ್ವೆ ಅವಘಡಗಳಲ್ಲಿ 16,431 ಜನ ಸತ್ತರೆಂದು ಅದು ದಾಖಲಿಸಿತು. ಅವರಲ್ಲಿ ಬಹುಪಾಲು ಜನ ಓಡುವ ರೈಲಿನಿಂದ ಬಿದ್ದವರು ಅಥವಾ ಹಳಿ ದಾಟುವಾಗ ರೈಲಿಗೆ ಸಿಕ್ಕವರು. ಇವರು ರೈಲ್ವೆಯ ಮೊದಲ ಪಟ್ಟಿಯಲ್ಲಿ ಬರುವುದಿಲ್ಲ. ಹಳಿ ದಾಟಿದವರು ಕಾನೂನಿನ ಕಣ್ಣಿನಲ್ಲಿ ಅತಿಕ್ರಮ ಪ್ರವೇಶ ಮಾಡಿದವರು.

ಪಟ್ಟಿಯನ್ನು ಹೀಗೆ ಬೇರ್ಪಡಿಸಿದ್ದು ತಾಂತ್ರಿಕವಾಗಿ ತಪ್ಪಲ್ಲ, ಆದರೆ ಅದರಿಂದ ಜನರ ಕಲ್ಪನೆ ದಾರಿ ತಪ್ಪಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾವು ಹೆದರುವುದು ಉರುಳುವ ಬೋಗಿಗೆ, ಸಾವು ಇರುವುದು ತೆರೆದ ಬಾಗಿಲಿನಲ್ಲಿ. ಸೇವೆಯಲ್ಲಿದ್ದಾಗ ಒಂದು ನಿಲ್ದಾಣದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ರೈಲು ಹೊರಟಿತ್ತು, ನಡಿಗೆಯಷ್ಟೇ ವೇಗ. ಸುಮಾರು ಇಪ್ಪತ್ತು ವರ್ಷದ ಹುಡುಗನೊಬ್ಬ ಒಂದು ಕೈಯಲ್ಲಿ ಎರಡು ಟೀ ಲೋಟ ಹಿಡಿದು ಇನ್ನೊಂದು ಕೈಯಿಂದ ಬಾಗಿಲ ಸರಳನ್ನು ಹಿಡಿದ. ಲೋಟವನ್ನು ಬಿಸಾಡಲು ಅವನಿಗೆ ಮನಸ್ಸಾಗಲಿಲ್ಲ. ಎಡಗಾಲು ಮೆಟ್ಟಿಲಿಗೆ ತಾಗಿ ಜಾರಿತು. ಪ್ಲಾಟ್‌ಫಾರಂ ಮತ್ತು ಬೋಗಿಯ ನಡುವಿನ ಸಂದು ಒಂದು ಗೇಣಿಗಿಂತ ತುಸು ಅಗಲವಿದ್ದೀತು, ಅವನು ಸೊಂಟದವರೆಗೆ ಅದರೊಳಗೆ ಇಳಿದುಹೋದ. ಪಕ್ಕದಲ್ಲಿದ್ದ ಪೋರ್ಟರ್ ಅವನ ಅಂಗಿಯ ಕಾಲರ್ ಹಿಡಿದು ಜಗ್ಗಿದ, ನಾನು ಗಾರ್ಡ್ ಕಡೆ ಕೆಂಪು ಬಾವುಟ ಬೀಸಿದೆ, ರೈಲು ನಿಂತಿತು. ಹುಡುಗ ಉಳಿದ, ಆದರೆ ಕಾಲು ಮೊದಲಿನಂತಾಗಲಿಲ್ಲ. ಅವನ ಊರಿನವರು ಯಾರೂ ಆಮೇಲೆ ರೈಲಿಗೆ ಹೆದರಿರಲಿಕ್ಕಿಲ್ಲ, ಏಕೆಂದರೆ ಟಿವಿಯಲ್ಲಿ ಅದು ಬರಲಿಲ್ಲ. ಮುಂಬೈ ಉಪನಗರ ರೈಲುಗಳ ಹಳಿಗಳಲ್ಲಿ ಹೀಗೆ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಾಯುತ್ತಾರೆ.

ಇವರೂ ರೈಲ್ವೆಯ ಅಂಗಳದಲ್ಲೇ ಸತ್ತವರು. ಕಾಲ್ಸೇತುವೆ, ಬೇಲಿ, ಸಾಕಷ್ಟು ಸಾಮಾನ್ಯ ಬೋಗಿಗಳು, ತಾನಾಗಿ ಮುಚ್ಚುವ ಬಾಗಿಲು ಇವೆಲ್ಲ ಇದ್ದಿದ್ದರೆ ಅವರಲ್ಲಿ ಎಷ್ಟೋ ಮಂದಿ ಬದುಕಿರುತ್ತಿದ್ದರು. ಆದ್ದರಿಂದ 31 ಎಂಬ ಸಂಖ್ಯೆಯನ್ನು ಹೇಳುವಾಗಲೆಲ್ಲ ಈ ದೊಡ್ಡ ಸಂಖ್ಯೆಯನ್ನೂ ಅದರ ಪಕ್ಕದಲ್ಲೇ ಇಟ್ಟು ಹೇಳಬೇಕು.

ಪ್ರಶ್ನೆ: ಸೇನೆಯಲ್ಲಿದ್ದಾಗ ದೇಶವಿಡೀ ರೈಲಿನಲ್ಲೇ ಓಡಾಡಿದವನು ನಾನು. ‘ಕವಚ’ ಎಂಬ ವ್ಯವಸ್ಥೆ ಇದ್ದರೆ ಬಾಲಸೋರ್ ಆಗುತ್ತಿರಲಿಲ್ಲ ಎನ್ನುತ್ತಾರೆ. ಅದು ನಿಜವೇ? ಯಾವ ಬೋಗಿಯಲ್ಲಿ ಕೂತರೆ ಹೆಚ್ಚು ಕ್ಷೇಮ?
– ಮಾಜಿ ಯೋಧ, ವಿರಾಜಪೇಟೆ

ಉತ್ತರ: ಕವಚ ನಮ್ಮ ದೇಶದಲ್ಲೇ ರೂಪುಗೊಂಡ ಸ್ವಯಂಚಾಲಿತ ರಕ್ಷಣಾ ವ್ಯವಸ್ಥೆ. ಹಳಿಯ ನಡುವೆ ಅಳವಡಿಸಿದ ಟ್ಯಾಗುಗಳು, ನಿಲ್ದಾಣದ ಉಪಕರಣ, ಎಂಜಿನಿನೊಳಗಿನ ಪೆಟ್ಟಿಗೆ ಇವು ರೇಡಿಯೊ ಮೂಲಕ ಮಾತಾಡಿಕೊಳ್ಳುತ್ತವೆ. ಲೋಕೋ ಪೈಲಟ್, ಅಂದರೆ ರೈಲಿನ ಚಾಲಕ, ಕೆಂಪು ಸಿಗ್ನಲ್ ದಾಟುವಂತಿದ್ದರೆ ಅಥವಾ ಮಿತಿ ಮೀರಿದ ವೇಗದಲ್ಲಿದ್ದರೆ ಎಚ್ಚರಿಸಿ, ಅವರು ಸ್ಪಂದಿಸದಿದ್ದಾಗ ಅದೇ ಬ್ರೇಕ್ ಹಾಕುತ್ತದೆ. 2020ರಲ್ಲಿ ಅದನ್ನು ರಾಷ್ಟ್ರೀಯ ವ್ಯವಸ್ಥೆಯಾಗಿ ಸ್ವೀಕರಿಸಲಾಯಿತು. ಆದರೆ ಅಪಘಾತವಾದ ವರ್ಷದಲ್ಲಿ ಅದು ಇದ್ದದ್ದು ದಕ್ಷಿಣ ಮಧ್ಯ ರೈಲ್ವೆಯ 1,465 ಕಿಲೋಮೀಟರ್ ಮಾರ್ಗದಲ್ಲಿ ಮಾತ್ರ. ದೇಶದ ರೈಲು ಮಾರ್ಗದ ಒಟ್ಟು ಉದ್ದ 68,000 ಕಿಲೋಮೀಟರಿಗೂ ಹೆಚ್ಚು. ಈ ನಿಧಾನಗತಿ ಒಪ್ಪತಕ್ಕದ್ದಲ್ಲ.

ಆದರೆ ಬಾಲಸೋರನ್ನು ಕವಚ ತಡೆಯುತ್ತಿತ್ತು ಎಂಬ ಮಾತನ್ನು ನಾನು ಒಪ್ಪಲಾರೆ. ಅಲ್ಲಿ ಲೋಕೋ ಪೈಲಟ್ ತಪ್ಪು ಮಾಡಿರಲಿಲ್ಲ. ಅವರಿಗೆ ಮುಖ್ಯ ಮಾರ್ಗದಲ್ಲಿ ಹೋಗಲು ಹಸಿರು ಸಿಗ್ನಲ್ ಸಿಕ್ಕಿತ್ತು. ಲೆವೆಲ್ ಕ್ರಾಸಿಂಗಿಗೆ ಸಂಬಂಧಿಸಿದ ಸಿಗ್ನಲ್ ವೈರಿಂಗಿನಲ್ಲಿ ಆಗಿದ್ದ ತಪ್ಪಿನಿಂದಾಗಿ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ಮಾತ್ರ ಲೂಪ್ ಲೈನಿಗೆ ತಿರುಗಿತ್ತು. ಸಿಗ್ನಲ್ಲೇ ಸುಳ್ಳು ಹೇಳಿದಾಗ ಸಿಗ್ನಲ್ಲನ್ನು ನಂಬಿ ನಡೆಯುವ ಯಂತ್ರವೂ ಮೋಸ ಹೋಗುತ್ತದೆ.

ನನಗೆ ಹೆಚ್ಚು ನೋವು ತಂದ ಸಂಗತಿ ಬೇರೆಯದು, ಅದು ನಮ್ಮ ಮೈಸೂರು ವಿಭಾಗಕ್ಕೇ ಸೇರಿದ್ದು. ಬಾಲಸೋರಿಗೆ ನಾಲ್ಕು ತಿಂಗಳು ಮೊದಲು, 2023ರ ಫೆಬ್ರವರಿ 8ರಂದು ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೊರಟಾಗ ಪಾಯಿಂಟ್ ತಪ್ಪು ಮಾರ್ಗಕ್ಕೆ ತಿರುಗಿತ್ತು. ಲೋಕೋ ಪೈಲಟ್ ಅದನ್ನು ಕಣ್ಣಿನಿಂದ ಕಂಡು ರೈಲು ನಿಲ್ಲಿಸಿದರು, ಯಾರಿಗೂ ಏನೂ ಆಗಲಿಲ್ಲ. ವ್ಯವಸ್ಥೆಯಲ್ಲಿ ಗಂಭೀರ ಲೋಪವಿದೆಯೆಂದು ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಮರುದಿನವೇ ಪತ್ರ ಬರೆದರು. ಆ ಪತ್ರ ನಮ್ಮ ನಿಮ್ಮ ಕಣ್ಣಿಗೆ ಬಿದ್ದದ್ದು ಒಡಿಶಾದಲ್ಲಿ ಹೆಣಗಳು ಸಾಲುಗಟ್ಟಿದ ಮೇಲೆ. ಕೂದಲೆಳೆಯಲ್ಲಿ ತಪ್ಪಿದ ಇಂಥ ಘಟನೆಗಳನ್ನು ರೈಲ್ವೆ ತಾನಾಗಿಯೇ ಜನರ ಮುಂದಿಡಬೇಕು. ಹೇಳಿದರೆ ಜನ ಹೆದರುತ್ತಾರೆ ಎಂಬ ವಾದವನ್ನು ನಾನು ಸೇವೆಯುದ್ದಕ್ಕೂ ಕೇಳಿದ್ದೇನೆ. ಮುಚ್ಚಿಟ್ಟದ್ದು ಹೊರಬಿದ್ದಾಗ ಹುಟ್ಟುವ ಭಯ ಅದಕ್ಕಿಂತ ದೊಡ್ಡದು, ಮತ್ತು ಅದು ಬೇಗ ಹೋಗುವುದೂ ಇಲ್ಲ.

ಬೋಗಿಯ ವಿಷಯ. ಮುಂದಿನಿಂದ ಡಿಕ್ಕಿಯಾದರೆ ಮುಂದಿನ ಬೋಗಿಗೆ ಪೆಟ್ಟು. 2024ರ ಜೂನ್ 17ರಂದು ಪಶ್ಚಿಮ ಬಂಗಾಳದಲ್ಲಿ ಕಾಂಚನಜುಂಗಾ ಎಕ್ಸ್‌ಪ್ರೆಸ್ಸಿಗೆ ಆದಂತೆ ಹಿಂದಿನಿಂದ ಬಂದು ಬಡಿದರೆ ಹಿಂದಿನದಕ್ಕೆ. ಲೆಕ್ಕಕ್ಕೆ ನಡುವಿನ ಬೋಗಿ ವಾಸಿ ಎನ್ನಬಹುದು, ಆದರೆ ಅದನ್ನು ಆರಿಸಿಕೊಳ್ಳುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ರಿಸರ್ವೇಶನ್ ಇಲ್ಲದ ಸಾಮಾನ್ಯ ಬೋಗಿಗಳನ್ನು ಹೆಚ್ಚಾಗಿ ರೈಲಿನ ಎರಡು ತುದಿಗಳಲ್ಲೇ ಜೋಡಿಸುತ್ತಾರೆ. ನಮ್ಮ ಕಾಫಿ ತೋಟಗಳಿಗೆ ಅಸ್ಸಾಮಿನಿಂದ, ಬಂಗಾಳದಿಂದ ಕೆಲಸಕ್ಕೆ ಬರುವ ಎಷ್ಟೋ ಮಂದಿ ಒಂದರ ಮೇಲೊಂದು ಕುಳಿತಂತೆ ಮೂರು ದಿನ ಪ್ರಯಾಣ ಮಾಡುವುದು ಅಂಥ ಬೋಗಿಗಳಲ್ಲೇ. ಸುರಕ್ಷತೆಯ ಮಾತು ಬಂದಾಗ ನನಗೆ ಮೊದಲು ನೆನಪಾಗುವವರು ಅವರು.

ಪ್ರಶ್ನೆ: ಮಳೆಗಾಲದಲ್ಲಿ ಸುಬ್ರಹ್ಮಣ್ಯ ಘಾಟಿಯಲ್ಲಿ ರೈಲಿನಲ್ಲಿ ಹೋಗುವುದು ಸರಿಯೇ?
– ಕೃಷಿಕ, ಸೋಮವಾರಪೇಟೆ

ಉತ್ತರ: ರೈಲು ಬಿಟ್ಟಿದ್ದರೆ ಧೈರ್ಯವಾಗಿ ಹೋಗಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, ಪ್ರತಿ 50 ಮೀಟರಿಗೆ 1 ಮೀಟರ್ ಇಳಿಜಾರು. ಆದ್ದರಿಂದಲೇ ಅಲ್ಲಿ ರೈಲು ತೆವಳಿದಂತೆ ಸಾಗುತ್ತದೆ, ಮಳೆಗಾಲದಲ್ಲಿ ಗ್ಯಾಂಗ್‌ಮನ್‌ಗಳು ಹಗಲಿರುಳು ಹಳಿಯ ಗಸ್ತು ತಿರುಗುತ್ತಾರೆ. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿದಾಗ ಸಂಚಾರವನ್ನು ದಿನಗಟ್ಟಲೆ ನಿಲ್ಲಿಸಿದರು. ರೈಲು ರದ್ದಾಯಿತೆಂದು ಅಂದು ಬೇಸರಪಟ್ಟವರು ಬಹಳ. ಆದರೆ ರದ್ದಾದದ್ದೇ ವ್ಯವಸ್ಥೆ ಎಚ್ಚರವಾಗಿದ್ದುದಕ್ಕೆ ಸಾಕ್ಷಿ.

ಪ್ರಶ್ನೆ: ರೈಲಿನಲ್ಲಿ ಬೆಂಕಿ ಬಿದ್ದಿದೆ ಎಂದು ಯಾರಾದರೂ ಕೂಗಿದರೆ ಏನು ಮಾಡಬೇಕು?
– ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ಬಹಳ ಮುಖ್ಯವಾದ ಪ್ರಶ್ನೆ. 2025ರ ಜನವರಿ 22ರಂದು ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿ ಪುಷ್ಪಕ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಕಿಯ ವದಂತಿ ಹಬ್ಬಿತು. ಯಾರೋ ಸರಪಳಿ ಎಳೆದರು, ರೈಲು ನಿಂತಿತು, ಗಾಬರಿಯಾದ ಜನ ಪಕ್ಕದ ಹಳಿಯ ಮೇಲೆ ಇಳಿದರು. ಅದೇ ಹಳಿಯಲ್ಲಿ ಎದುರಿನಿಂದ ಬಂದದ್ದು ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದ ಕರ್ನಾಟಕ ಎಕ್ಸ್‌ಪ್ರೆಸ್. ಹತ್ತಕ್ಕೂ ಹೆಚ್ಚು ಜನ ಸತ್ತರು. ರೈಲಿನಲ್ಲಿ ಬೆಂಕಿಯೇ ಇರಲಿಲ್ಲ.

ನೀವೇ ಹೊಗೆಯನ್ನು ಕಂಡರೆ ಮೊದಲು ಆ ಬೋಗಿಯಿಂದ ಪಕ್ಕದ ಬೋಗಿಗೆ ಒಳಗಿನ ದಾರಿಯಿಂದಲೇ ಸರಿಯಿರಿ, ಸಾಮಾನಿನ ಆಸೆ ಬಿಡಿ. ಸರಪಳಿ ಎಳೆಯಿರಿ. ಆದರೆ ರೈಲು ಸುರಂಗದಲ್ಲೋ ಸೇತುವೆಯ ಮೇಲೋ ಇದ್ದರೆ, ಆ ಬೋಗಿಯಿಂದ ಸರಿಯಲು ದಾರಿಯಿರುವಷ್ಟು ಹೊತ್ತು ಅದನ್ನು ದಾಟಲು ಬಿಡಿ. ರೈಲು ಪೂರ್ತಿ ನಿಂತ ಮೇಲೆ, ಇಳಿಯಲೇಬೇಕಾದರೆ, ಎರಡೂ ಬದಿಯ ಬಾಗಿಲಿನಿಂದ ನೋಡಿ ಪಕ್ಕದಲ್ಲಿ ಹಳಿ ಇಲ್ಲದ ಕಡೆಗೆ ಇಳಿಯಿರಿ. ಎರಡೂ ಕಡೆ ಹಳಿಯಿದ್ದರೆ ಅದರ ಮೇಲೆ ಒಂದು ಕ್ಷಣವೂ ನಿಲ್ಲದೆ, ಎರಡೂ ದಿಕ್ಕಿನಲ್ಲಿ ಕಣ್ಣಿಟ್ಟು ದಾಟಿ ದೂರ ಹೋಗಿ. ಸಹಾಯಕ್ಕೆ 139ಕ್ಕೆ ಕರೆ ಮಾಡಿ, ಬೋಗಿಯ ಸಂಖ್ಯೆಯನ್ನೂ ಕೊನೆಯದಾಗಿ ದಾಟಿದ ನಿಲ್ದಾಣದ ಹೆಸರನ್ನೂ ಹೇಳಿ. ಹತ್ತಿದ ಕೂಡಲೇ ಟಿಕೆಟ್ಟಿನಲ್ಲಿರುವ ಬೋಗಿಯ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಳ್ಳುವುದನ್ನು ಈಗಿನಿಂದಲೇ ರೂಢಿಸಿಕೊಳ್ಳಿ.